ನೋವಿನ ಭಾಷಾಂತರ: ಅಲ್ಬೇನಿಯನ್ ರೋಗಿಗಳಿಗಾಗಿ ತೋಳು-ಭುಜಗಳ ಪ್ರಶ್ನಾವಳಿ

೧

ಭಾಷಾಂತರವೆಂದೊಡನೆ ನಮ್ಮ ವಿಮರ್ಶಕರ ದೃಷ್ಟಿ ಕಾವ್ಯ ನಾಟಕಗಳ ಕಡೆಗೆ ಹರಿಯುವುದು ಸಹಜ. ಮೂಲಕೃತಿಯ ರಸ ಎಷ್ಟು ಇಳಿದು ಬಂದಿತು, ಎಷ್ಟು ಸೋರಿಹೋಯಿತು ಎಂಬ ಚರ್ಚೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ರೋಗಿಯೊಬ್ಬನಿಗೆ ಯಾವ ಚಿಕಿತ್ಸೆ ದೊರೆಯಬೇಕು, ದುಡಿಮೆಗೆ ಅವನು ಯಾವಾಗ ಮರಳಬೇಕು ಎಂಬುದು ಯಾವ ಭಾಷಾಂತರವನ್ನು ಅವಲಂಬಿಸಿದೆಯೋ, ಅಂಥ ಭಾಷಾಂತರದ ಗುಣದೋಷಗಳನ್ನು ಸಾಹಿತ್ಯದ ಕಣ್ಣಿನಿಂದ ಪರೀಕ್ಷಿಸಿದವರು ವಿರಳ. ಅದು ವೈದ್ಯರ ಕೆಲಸ, ಸಂಖ್ಯಾಶಾಸ್ತ್ರಜ್ಞರ ಕೆಲಸ ಎಂದು ನಾವು ಬದಿಗೆ ಸರಿಯುವುದುಂಟು. ಹೀಗೆ ಸರಿಯುವುದು ಉಚಿತವಲ್ಲ. ಏಕೆಂದರೆ ಅಲ್ಲಿಯೂ ಕೆಲಸಮಾಡುವುದು ಪದಗಳೇ.

ತೋಳು, ಭುಜ, ಕೈಗಳ ಬೇನೆಯಿಂದ ನರಳುವವರ ಅಸಾಮರ್ಥ್ಯವನ್ನು ಅಳೆಯಲೆಂದು ರಚಿತವಾದ ಪ್ರಶ್ನಾವಳಿಗಳನ್ನು ಅಲ್ಬೇನಿಯನ್ ಮಾತಾಡುವ ರೋಗಿಗಳಿಗೆ ಒಗ್ಗಿಸುವಲ್ಲಿ ಬರುವ ತೊಡಕುಗಳಾವುವು, ಈ ಕಾರ್ಯಕ್ಕೆ ವೈದ್ಯಶಾಸ್ತ್ರವು ವಿಧಿಸಿರುವ ಕ್ರಮ ಎಷ್ಟರಮಟ್ಟಿಗೆ ಸಮರ್ಪಕ ಎಂಬುದೇ ಪ್ರಕೃತ ಲೇಖನದ ವಿಚಾರ. ವಿಷಯ ದೂರದ್ದೆಂದು ಓದುಗರು ಭಾವಿಸಬೇಕಾಗಿಲ್ಲ. ಮನೆಯಲ್ಲೊಂದು ನುಡಿ, ಆಸ್ಪತ್ರೆಯಲ್ಲೊಂದು ನುಡಿ ಎಂಬ ಸ್ಥಿತಿ ಹೊರನಾಡಿನಲ್ಲಿ ನೆಲಸಿದ ನಮಗೆ ಅಪರಿಚಿತವಲ್ಲ.

೨

ಇಂಥ ಪ್ರಶ್ನಾವಳಿಗಳು ಹಲವಿವೆ. ಭುಜಕ್ಕಷ್ಟೇ ಸಂಬಂಧಿಸಿದ ಹದಿಮೂರು ಪ್ರಶ್ನೆಗಳ ‘ಸ್ಪಾಡಿ’ ೧೯೯೧ರಲ್ಲಿ ಬಂದಿತು. ಹನ್ನೆರಡು ಪ್ರಶ್ನೆಗಳ ಆಕ್ಸ್‌ಫರ್ಡ್ ಭುಜಮಾಪನ ೧೯೯೬ರಲ್ಲಿ. ಇವೆಲ್ಲಕ್ಕಿಂತ ವ್ಯಾಪಕವಾದುದು ಅದೇ ೧೯೯೬ರಲ್ಲಿ ಪ್ರಕಟವಾದ ‘ಡ್ಯಾಶ್’. ಅಮೆರಿಕದ ಅಸ್ಥಿಚಿಕಿತ್ಸಕರ ಅಕಾಡೆಮಿಯೂ ಟೊರಾಂಟೊ ನಗರದ ದುಡಿಮೆ ಮತ್ತು ಆರೋಗ್ಯ ಸಂಸ್ಥೆಯೂ ಕೂಡಿ ಇದನ್ನು ರೂಪಿಸಿದವು. ಇದರಲ್ಲಿ ಮೂವತ್ತು ಪ್ರಶ್ನೆಗಳಿವೆ. ಮೊದಲ ಇಪ್ಪತ್ತೊಂದು ದಿನನಿತ್ಯದ ಕೆಲಸಗಳನ್ನು ಕುರಿತವು: ಬಿಗಿಯಾದ ಜಾಡಿಯ ಮುಚ್ಚಳ ತೆರೆಯುವುದು, ಬರೆಯುವುದು, ಬೀಗದ ಕೈ ತಿರುಗಿಸುವುದು, ಹಾಸಿಗೆ ಹಾಸುವುದು, ಬೆನ್ನು ತೊಳೆದುಕೊಳ್ಳುವುದು ಇತ್ಯಾದಿ. ಅನಂತರ ನೆಂಟರಿಷ್ಟರ ಒಡನಾಟ, ದುಡಿಮೆ, ನೋವು, ಜೋಮು, ನಿಶ್ಶಕ್ತಿ, ಬಿಗಿತ, ನಿದ್ರೆ. ಕೊನೆಯದು ರೋಗಿಯ ಆತ್ಮಭಾವನೆಯನ್ನು ಕುರಿತುದು. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಉತ್ತರ. ಉತ್ತರಗಳ ಸರಾಸರಿಯಿಂದ ಒಂದನ್ನು ಕಳೆದು ಇಪ್ಪತ್ತೈದರಿಂದ ಗುಣಿಸಿದರೆ ಸೊನ್ನೆಯಿಂದ ನೂರರವರೆಗಿನ ಅಂಕ ದೊರೆಯುವುದು; ಅಂಕ ಹೆಚ್ಚಿದಷ್ಟೂ ಅಸಾಮರ್ಥ್ಯ ಹೆಚ್ಚು. ಕನಿಷ್ಠ ಇಪ್ಪತ್ತೇಳು ಪ್ರಶ್ನೆಗಳಿಗೆ ಉತ್ತರವಿರಬೇಕು. ೨೦೦೫ರಲ್ಲಿ ಇದರಿಂದ ಹನ್ನೊಂದು ಪ್ರಶ್ನೆಗಳನ್ನು ಆರಿಸಿ ‘ಕ್ವಿಕ್‌ಡ್ಯಾಶ್’ ಎಂಬ ಸಂಕ್ಷಿಪ್ತ ರೂಪವನ್ನೂ ಹೊರತಂದರು.

ಈ ರಚನೆಯ ಹಿಂದಿರುವ ತತ್ತ್ವ ಪ್ರಶಂಸಾರ್ಹವಾದುದು. ಮುಂಚೆ ವೈದ್ಯನು ಕೋನಮಾಪಕದಿಂದ ತೋಳು ಎಷ್ಟು ಮೇಲೇಳುವುದೆಂದು ಅಳೆದು ಅದನ್ನೇ ಪ್ರಮಾಣವೆಂದು ಭಾವಿಸುತ್ತಿದ್ದನು. ತೋಳು ಎಷ್ಟು ಏಳುವುದೆಂಬುದಕ್ಕಿಂತ ಆ ತೋಳಿನಿಂದ ಮನುಷ್ಯನು ಏನು ಮಾಡಬಲ್ಲನೆಂಬುದು ಮುಖ್ಯ ಎಂಬ ಅರಿವು ಇಲ್ಲಿ ಮೂಡಿದೆ. ಯಾವ ಕೈಯಿಂದ ಕೆಲಸ ಮಾಡಿದರೂ ಚಿಂತೆಯಿಲ್ಲ, ಕೆಲಸ ಮಾಡಲು ಸಾಧ್ಯವೇ ಎಂಬುದನ್ನಷ್ಟೇ ತಿಳಿಸಿ, ಎಂದು ಪ್ರಶ್ನಾವಳಿ ಆರಂಭದಲ್ಲೇ ಸೂಚಿಸುತ್ತದೆ. ಇಲ್ಲಿ ಅಳೆಯುವುದು ಅಂಗವನ್ನಲ್ಲ, ವ್ಯಕ್ತಿಯನ್ನು. ವ್ಯಕ್ತಿಯನ್ನು ಅಳೆಯಹೊರಟ ಮೇಲೆ ಅವನ ಮನೆ, ಊಟ, ಉಡುಪು, ವಿನೋದ, ಲಜ್ಜೆ ಎಲ್ಲವೂ ಅಳತೆಯ ಒಳಗೆ ಬರುತ್ತವೆ. ಭಾಷಾಂತರದ ಕಷ್ಟ ಹುಟ್ಟುವುದೂ ಇಲ್ಲಿಂದಲೇ.

೩

ಅಲ್ಬೇನಿಯನ್ ಭಾಷೆ ಇಂಡೋ-ಯೂರೋಪಿಯನ್ ವಂಶದಲ್ಲಿ ತಾನೇ ಒಂದು ಪ್ರತ್ಯೇಕ ಶಾಖೆ. ಅಲ್ಬೇನಿಯ, ಕೊಸೊವೊ, ಉತ್ತರ ಮ್ಯಾಸಿಡೋನಿಯದ ಪಶ್ಚಿಮ ಭಾಗ, ಮಾಂಟೆನಿಗ್ರೊ, ದಕ್ಷಿಣ ಸರ್ಬಿಯಗಳಲ್ಲಿ ಇದನ್ನಾಡುವವರಿದ್ದಾರೆ. ಶ್ಕುಂಬಿನ್ ನದಿ ಈ ನುಡಿಯನ್ನು ಸ್ಥೂಲವಾಗಿ ಎರಡಾಗಿ ಸೀಳುತ್ತದೆ: ಉತ್ತರಕ್ಕೆ ಗೆಗ್, ದಕ್ಷಿಣಕ್ಕೆ ತೋಸ್ಕ್. ಮೊದಲ ಮುದ್ರಿತ ಅಲ್ಬೇನಿಯನ್ ಗ್ರಂಥವಾದ ಬುಜುಕುವಿನ ‘ಮೆಶಾರಿ’ ೧೫೫೫ರಲ್ಲಿ ಗೆಗ್‌ನಲ್ಲಿಯೇ ಹೊರಬಂದಿತ್ತು. ಲಿಪಿ ಲ್ಯಾಟಿನ್ ಎಂದು ನಿಶ್ಚಿತವಾದುದು ೧೯೦೮ರ ಮನಾಸ್ತಿರ್ ಸಮ್ಮೇಳನದಲ್ಲಿ. ೧೯೭೨ರಲ್ಲಿ ತಿರಾನಾದಲ್ಲಿ ನಡೆದ ಕಾಗುಣಿತ ಸಮ್ಮೇಳನವು ಏಕರೂಪದ ಶಿಷ್ಟಭಾಷೆಯನ್ನು ಸ್ಥಿರಪಡಿಸಿತು. ಅದರ ತಳಹದಿ ಮುಖ್ಯವಾಗಿ ತೋಸ್ಕ್. ಕೊಸೊವೊದ ವಿದ್ವಾಂಸರು ೧೯೬೮ರ ಪ್ರಿಶ್ತಿನಾ ಸಮಾಲೋಚನೆಯಲ್ಲೇ ಆ ದಿಕ್ಕಿಗೆ ಒಪ್ಪಿಗೆಯಿತ್ತಿದ್ದರು.

ಪರಿಣಾಮವೇನೆಂದರೆ, ಕೊಸೊವೊದ ಅಲ್ಬೇನಿಯನ್ ಶಾಲೆಯಲ್ಲಿ ಓದುವ ನುಡಿಯೊಂದು, ಅಡಿಗೆಮನೆಯಲ್ಲಿ ಆಡುವ ನುಡಿ ಇನ್ನೊಂದು. ೧೯೬೦ರ ದಶಕದಿಂದ ಯುಗೊಸ್ಲಾವಿಯದ ದುಡಿಮೆಗಾರರಾಗಿ ಸ್ವಿಟ್ಜರ್ಲೆಂಡಿಗೂ ಜರ್ಮನಿಗೂ ಹೋದವರಲ್ಲಿ, ೧೯೯೮-೯೯ರ ಯುದ್ಧಕಾಲದಲ್ಲಿ ಆಶ್ರಯ ಬೇಡಿ ಹೋದವರಲ್ಲಿ, ಕೊಸೊವೊದ ಗೆಗ್ ನುಡಿಯವರು ಬಹುಮಂದಿ. ಕಟ್ಟಡದ ಕೆಲಸ, ಕಾರ್ಖಾನೆಯ ಕೆಲಸ, ಶುಚಿಮಾಡುವ ಕೆಲಸ: ಇವು ಭುಜವನ್ನು ಸವೆಸುವ ಕೆಲಸಗಳು. ಆದುದರಿಂದ ತೋಳಿನ ಪ್ರಶ್ನಾವಳಿಯನ್ನು ಕೈಯಲ್ಲಿ ಹಿಡಿಯುವ ಅಲ್ಬೇನಿಯನ್ ರೋಗಿ ತಿರಾನಾದ ಪದವೀಧರನಾಗಿರಬಹುದು. ಜ್ಯೂರಿಚ್ ನಗರದಲ್ಲಿ ಮೂವತ್ತು ವರ್ಷ ಗಾರೆ ಹೊತ್ತವನೂ ಆಗಿರಬಹುದು. ಇಬ್ಬರ ಮುಂದಿಡುವ ಕಾಗದ ಮಾತ್ರ ಒಂದೇ.

೪

ಮೊದಲನೆಯ ತೊಡಕು ಅಂಗಗಳ ಹೆಸರಿನದು. ಇಂಗ್ಲಿಷ್ ಮೂಲವು ತೋಳು, ಭುಜ, ಕೈ ಎಂದು ಮೂರನ್ನು ಬೇರೆಬೇರೆಯಾಗಿ ಹೇಳುತ್ತದೆ. ಅಲ್ಬೇನಿಯನ್‌ನಲ್ಲಿ ‘ಕ್ರಾಹ್’ ಎಂದರೆ ತೋಳು. ಹಕ್ಕಿಯ ರೆಕ್ಕೆಗೂ ಅದೇ ಹೆಸರು. ಹೊರೆ ಹೊರುವ ಮಾತು ಬಂದಾಗ ಅದೇ ಪದ ಹೆಗಲಿನತ್ತ ಸರಿಯುತ್ತದೆ. ಭುಜಕ್ಕೆ ‘ಸುಪ್’ ಎಂಬ ಪದವಿದೆ, ‘ಶ್ಪಾತುಲ್’ ಎಂಬುದೂ ಇದೆ. ಎರಡನೆಯದು ಹೆಗಲೆಲುಬನ್ನೂ ಸೂಚಿಸುತ್ತದೆ. ಕನ್ನಡಿಗರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ‘ಕೈ ನೋಯುತ್ತದೆ’ ಎಂದಾಗ ನಮ್ಮವರು ಬೆರಳಿನಿಂದ ಭುಜದವರೆಗಿನ ಯಾವ ಭಾಗವನ್ನಾದರೂ ಹೇಳುತ್ತಿರಬಹುದು. ಹೆಗಲು, ಭುಜ, ತೋಳು, ರಟ್ಟೆಗಳ ಎಲ್ಲೆಗಳು ಊರಿಂದೂರಿಗೆ ಬದಲಾಗುತ್ತವೆ. ಶರೀರಶಾಸ್ತ್ರದ ಎಲ್ಲೆಯೇ ಬೇರೆ, ಬೇನೆಯ ಎಲ್ಲೆಯೇ ಬೇರೆ. ಮೂರು ಪದಗಳನ್ನೂ ಜತೆಯಾಗಿ ಬಳಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುವುದು. ಆದುದರಿಂದ ಇದರ ಮೇಲೆ ಹೆಚ್ಚು ಕಾಲ ನಿಲ್ಲಬೇಕಾಗಿಲ್ಲ.

ಎರಡನೆಯದು ವ್ಯಾಕರಣದ ತೊಡಕು. ಇದು ಹೆಚ್ಚು ಸೂಕ್ಷ್ಮವಾದುದು. ಮೂಲದ ಇಪ್ಪತ್ತೊಂದು ಕೆಲಸಗಳೂ ಕರ್ತೃವಿಲ್ಲದ, ಕಾಲವಿಲ್ಲದ ಬರಿಯ ಕ್ರಿಯಾಪದಗಳಾಗಿ ನಿಂತಿವೆ. ಕನ್ನಡದಲ್ಲಿ ‘ಬರೆಯುವುದು’, ‘ತೆರೆಯುವುದು’ ಎಂದು ಸುಲಭವಾಗಿ ಹೇಳಬಹುದು. ಗೆಗ್ ನುಡಿಯಲ್ಲಿಯೂ ಇದಕ್ಕೆ ಸಹಜವಾದ ರೂಪವಿದೆ: ‘ಮೆ’ ಎಂಬುದನ್ನು ಮುಂದಿಟ್ಟು ‘ಮೆ ಶ್ಕ್ರುಎ’ ಎಂದರೆ ಬರೆಯುವುದು, ‘ಮೆ ಪುನುಎ’ ಎಂದರೆ ದುಡಿಯುವುದು. ಆದರೆ ೧೯೭೨ರ ಶಿಷ್ಟಭಾಷೆ ಈ ರೂಪವನ್ನು ಅಂಗೀಕರಿಸಲಿಲ್ಲ. ತೋಸ್ಕ್‌ನ ಕ್ರಮವನ್ನನುಸರಿಸಿ ಅದು ಪುರುಷಪ್ರತ್ಯಯವುಳ್ಳ ವಿಧ್ಯರ್ಥಕ ರೂಪವನ್ನೋ, ಕೃದಂತದ ಸುತ್ತುಬಳಸನ್ನೋ, ಭಾವನಾಮವನ್ನೋ ಬಳಸಬೇಕೆನ್ನುತ್ತದೆ. ಭಾಷಾಂತರಕಾರನು ‘ನೀವು ತೆರೆಯುವಂತಾಗಲು’ ಎಂಬರ್ಥದ ರೂಪವನ್ನು ಬಳಸಿದರೆ ಪ್ರಶ್ನೆ ರೋಗಿಯನ್ನು ನೇರವಾಗಿ ಮುಟ್ಟುತ್ತದೆ. ‘ಜಾಡಿಯ ತೆರೆಯುವಿಕೆ’ ಎಂಬರ್ಥದ ನಾಮಪದವನ್ನು ಬಳಸಿದರೆ ಕಾಗದ ಸರಕಾರಿ ಪತ್ರದಂತೆ ತಣ್ಣಗಾಗುತ್ತದೆ. ಗೆಗ್ ರೋಗಿಗೆ ಅತ್ಯಂತ ಆಪ್ತವಾದ ಮೂರನೆಯ ರೂಪ ಮಾತ್ರ ಶಿಷ್ಟಭಾಷೆಯ ಕಟ್ಟುಪಾಡಿನಿಂದಾಗಿ ನಿಷಿದ್ಧ. ಒಂದು ವ್ಯಾಕರಣ ನಿರ್ಣಯದ ನೆರಳು ಅರ್ಧ ಶತಮಾನದ ತರುವಾಯ ರೋಗಿಯ ಕಾಗದದ ಮೇಲೆ ಬೀಳುವುದೆಂಬುದು ಚಿಂತನೀಯ.

ಮೂರನೆಯದು ಶಬ್ದಸಾದೃಶ್ಯದ ಅಪಾಯ. ಮೂವತ್ತನೆಯ ಪ್ರಶ್ನೆ ‘ನಾನು ಕಡಿಮೆ ಸಮರ್ಥ, ಕಡಿಮೆ ಆತ್ಮವಿಶ್ವಾಸಿ ಅಥವಾ ಕಡಿಮೆ ಉಪಯುಕ್ತನೆಂದು ಭಾವಿಸುತ್ತೇನೆ’ ಎಂಬ ವಾಕ್ಯಕ್ಕೆ ಸಮ್ಮತಿಯನ್ನೋ ಅಸಮ್ಮತಿಯನ್ನೋ ಕೇಳುತ್ತದೆ. ಅಲ್ಬೇನಿಯನ್‌ನಲ್ಲಿ ಉಪಯುಕ್ತನೆಂಬುದಕ್ಕೆ ‘ಇ ದೊಬಿಶ್ಮ್’. ಬಲಹೀನನೆಂಬುದಕ್ಕೆ ‘ಇ ದೊಬ್ತ್’. ಇಪ್ಪತ್ತೇಳನೆಯ ಪ್ರಶ್ನೆಯಲ್ಲಿ ‘ದೊಬ್ಸಿ’, ಎಂದರೆ ನಿಶ್ಶಕ್ತಿ, ಎಂಬ ಪದವನ್ನು ಆಗತಾನೇ ಓದಿದ ರೋಗಿ, ಮೂರು ಸಾಲು ಕೆಳಗೆ ‘ಕಡಿಮೆ ಉಪಯುಕ್ತ’ ಎಂಬುದನ್ನು ‘ಕಡಿಮೆ ಬಲಹೀನ’ ಎಂದು ಓದಿಕೊಂಡರೆ ಅರ್ಥ ತಲೆಕೆಳಗಾಗುತ್ತದೆ. ಕಣ್ಣು ಮಂಜಾದವರು, ಅಕ್ಷರಾಭ್ಯಾಸ ಅಲ್ಪವಾದವರು, ನೋವಿನಲ್ಲಿ ಆತುರದಿಂದ ಓದುವವರು ಹೀಗೆ ಎಡವುವುದು ಅಸಂಭವವೇನಲ್ಲ. ಪದಶಃ ಭಾಷಾಂತರ ನಿರ್ದುಷ್ಟವಾಗಿದ್ದರೂ ಓದಿನಲ್ಲಿ ದೋಷ ನುಸುಳಬಹುದೆಂಬುದಕ್ಕೆ ಇದು ನಿದರ್ಶನ.

೫

ಇನ್ನು ಅನುಭವದ ತೊಡಕುಗಳು. ಹದಿನೆಂಟನೆಯ ಪ್ರಶ್ನೆ ತೋಳಿನ ಮೇಲೆ ಬಲವೋ ಆಘಾತವೋ ಬೀಳುವ ವಿನೋದಗಳನ್ನು ಕುರಿತು ವಿಚಾರಿಸುತ್ತ ಗಾಲ್ಫ್, ಸುತ್ತಿಗೆ ಕೆಲಸ, ಟೆನಿಸ್‌ಗಳನ್ನು ಹೆಸರಿಸುತ್ತದೆ. ಹತ್ತೊಂಬತ್ತನೆಯದು ತಟ್ಟೆ ಎಸೆಯುವ ಆಟವನ್ನೂ ಬ್ಯಾಡ್ಮಿಂಟನ್ನನ್ನೂ ಉದಾಹರಿಸುತ್ತದೆ. ಕೊಸೊವೊದ ಹಳ್ಳಿಯಲ್ಲಿ ಬೆಳೆದ ಅರುವತ್ತರ ಹೆಂಗಸಿಗೆ ಗಾಲ್ಫ್ ಎಂಬುದು ದೂರದರ್ಶನದ ಸಂಗತಿ. ಹಾಗಾದರೆ ಅದರ ಬದಲು ಚಳಿಗಾಲದ ಒಲೆಗೆ ಸೌದೆ ಸೀಳುವುದೆಂದು ಬರೆಯೋಣವೇ? ಬಲವೂ ಆಘಾತವೂ ಅಲ್ಲಿ ಧಾರಾಳವಾಗಿವೆ. ಆದರೆ ಅದು ವಿನೋದವಲ್ಲ, ಗೃಹಕೃತ್ಯ. ಇಲ್ಲಿ ಎದುರಾಗುವುದು ಉದಾಹರಣೆಯ ಅಭಾವ ಮಾತ್ರವಲ್ಲ. ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಸುತ್ತಿಗೆ ಹಿಡಿಯುವ ಜೀವನಕ್ರಮವನ್ನೇ ಪ್ರಶ್ನೆ ಗೃಹೀತವಾಗಿ ಇಟ್ಟುಕೊಂಡಿದೆ. ದಿನವಿಡೀ ಸುತ್ತಿಗೆಯಿಂದಲೇ ಅನ್ನ ಸಂಪಾದಿಸಿದವನಿಗೆ ಅದು ವಿನೋದವಾಗಲಾರದು.

ಹತ್ತೊಂಬತ್ತನೆಯ ಪ್ರಶ್ನೆಗಾದರೋ ಆ ಜನಜೀವನದಲ್ಲಿಯೇ ಸೊಗಸಾದ ಸಮಾನ ವಸ್ತುವಿದೆ. ಮದುವೆ ಮುಂತಾದ ಉತ್ಸವಗಳಲ್ಲಿ ಕೈಗೆ ಕೈ ಹಿಡಿದು ಸಾಲಾಗಿ ಕುಣಿಯುವ ‘ವಾಲೆ’ ಎಂಬ ನೃತ್ಯದಲ್ಲಿ ಮುಂದಾಳು ಕರವಸ್ತ್ರವನ್ನು ಮೇಲೆತ್ತಿ ಬೀಸುತ್ತಾನೆ. ತೋಳು ಸ್ವಚ್ಛಂದವಾಗಿ ಆಡುವ ವಿನೋದ ಇದಕ್ಕಿಂತ ಬೇರೇನು ಬೇಕು? ಭುಜ ಬಿಗಿದವನು ಆ ಸಾಲಿನಿಂದ ಹೊರಗೆ ನಿಲ್ಲಬೇಕಾಗುತ್ತದೆ. ಹಾಗೆ ಹೊರಗೆ ನಿಲ್ಲುವ ದುಃಖ ಕೇವಲ ಅಂಗವೈಕಲ್ಯದ್ದಲ್ಲ, ಬಳಗದಿಂದ ಬೇರ್ಪಟ್ಟ ದುಃಖ.

ಎಲ್ಲ ಪ್ರಶ್ನೆಗಳೂ ಪರಕೀಯವೆಂದು ತಿಳಿಯಬಾರದು. ಮೊದಲ ಪ್ರಶ್ನೆಯ ಜಾಡಿಯನ್ನೇ ನೋಡಿ. ಶರತ್ಕಾಲದಲ್ಲಿ ಕೆಂಪು ಮೆಣಸಿನಕಾಯಿಯನ್ನು ಸುಟ್ಟು ಅರೆದು ‘ಅಯ್ವಾರ್’ ಮಾಡಿ, ತರಕಾರಿಗಳನ್ನು ಉಪ್ಪುನೀರಿನಲ್ಲಿ ಊರಿಸಿ ‘ತುರ್ಶಿ’ ಮಾಡಿ, ಜಾಡಿಗಳಲ್ಲಿ ತುಂಬಿ ಚಳಿಗಾಲಕ್ಕೆ ಕಾಪಿಡುವ ಬಾಲ್ಕನ್ ಮನೆಗಳಲ್ಲಿ ಬಿಗಿದ ಮುಚ್ಚಳ ತೆರೆಯುವುದು ನಿತ್ಯದ ಕಾಯಕ. ಇಲ್ಲಿ ಟೊರಾಂಟೊದ ಪ್ರಶ್ನೆ ಪ್ರಿಶ್ತಿನಾದಲ್ಲಿ ಮೂಲಕ್ಕಿಂತ ಚೆನ್ನಾಗಿ ನೆಲೆಗೊಳ್ಳುತ್ತದೆ. ಕೇವಲ ‘ತೆರೆ’ ಎಂಬುದಕ್ಕೆ ಶಿಷ್ಟಭಾಷೆಯ ‘ಹಪ್’ ಧಾತುವೋ, ಗೆಗ್ ಮನೆಗಳಲ್ಲಿ ಹೆಚ್ಚು ಕೇಳುವ ‘ಚೆಲ್’ ಧಾತುವೋ ಎಂಬುದಷ್ಟೇ ವಿಚಾರ.

ಅಡಿಗೆಯ ಪ್ರಶ್ನೆ ಮಾತ್ರ ಮೋಸಗೊಳಿಸುವಂಥದು. ‘ಊಟ ಸಿದ್ಧಪಡಿಸುವುದು’ ಎಂಬುದು ಎಲ್ಲ ಭಾಷೆಗಳಿಗೂ ಸುಲಭವಾಗಿ ಬರುತ್ತದೆ. ಆದುದರಿಂದಲೇ ಅದನ್ನು ಯಾರೂ ಶಂಕಿಸುವುದಿಲ್ಲ. ಆದರೆ ‘ಬ್ಯುರೆಕ್’ ಮಾಡಲು ಹಿಟ್ಟನ್ನು ಉದ್ದನೆಯ ಲಟ್ಟಣಿಗೆಯಿಂದ ಕಾಗದದಷ್ಟು ತೆಳ್ಳಗೆ ಹಾಳೆಹಾಳೆಯಾಗಿ ಲಟ್ಟಿಸಬೇಕು. ಉತ್ತರದವರ ‘ಫ್ಲಿಯಾ’ವಾದರೋ ಪದರದ ಮೇಲೆ ಪದರ ಹೊಯ್ಯುತ್ತ, ಕಾಸಿದ ಲೋಹದ ಮುಚ್ಚಳವನ್ನು ಮತ್ತೆಮತ್ತೆ ಎತ್ತಿ ಇಡುತ್ತ ಗಂಟೆಗಟ್ಟಲೆ ಬೇಯಿಸುವ ತಿನಿಸು. ಡಬ್ಬಿಯ ಆಹಾರವನ್ನು ಬಿಸಿಮಾಡುವುದೂ ಊಟ ಸಿದ್ಧಪಡಿಸುವುದೇ, ಫ್ಲಿಯಾ ಬೇಯಿಸುವುದೂ ಅದೇ. ಪದ ಒಂದೇ, ಭುಜದ ಮೇಲಿನ ಭಾರ ಬೇರೆ. ಇಬ್ಬರು ಹೆಂಗಸರ ಭುಜ ಸಮಾನವಾಗಿ ಕೆಟ್ಟಿದ್ದರೂ ಅಂಕ ಸಮಾನವಾಗಿ ಬರಲಾರದು.

ಗಂಡಸರ ವಿಷಯ ಬೇರೆ. ಹಾಸಿಗೆ ಹಾಸುವುದು, ನೆಲ ತೊಳೆಯುವುದು ಹೆಂಗಸರ ಪಾಲಿಗೆ ಬಿಟ್ಟ ಮನೆಗಳಲ್ಲಿ ಗಂಡಸು ಏನೆಂದು ಉತ್ತರಿಸಬೇಕು? ಕಳೆದ ವಾರ ಆ ಕೆಲಸಕ್ಕೆ ಅವಕಾಶ ಬರದಿದ್ದರೆ ಊಹಿಸಿ ಹೇಳಿ ಎಂದು ಪ್ರಶ್ನಾವಳಿ ಸೂಚಿಸುತ್ತದೆ. ಜೀವಮಾನದಲ್ಲೇ ಮಾಡದ ಕೆಲಸದ ಕಷ್ಟವನ್ನು ಊಹಿಸುವುದು ಹೇಗೆ? ‘ಆಗುವುದೇ ಇಲ್ಲ’ ಎಂದು ಗುರುತುಮಾಡಿದವನ ಉತ್ತರದಲ್ಲಿ ತೋಳಿನ ಅಸಾಮರ್ಥ್ಯವೆಷ್ಟು, ವಾಡಿಕೆಯೆಷ್ಟು ಎಂಬುದನ್ನು ಯಾವ ಗಣಿತವೂ ಬಿಡಿಸಿ ಹೇಳಲಾರದು. ಇನ್ನು ಇಪ್ಪತ್ತೊಂದನೆಯದಾದ ದಾಂಪತ್ಯ ಸಂಬಂಧದ ಪ್ರಶ್ನೆಯನ್ನು ಅನೇಕ ದೇಶಗಳಲ್ಲಿ ರೋಗಿಗಳು ಖಾಲಿ ಬಿಡುವರೆಂಬುದು ಪ್ರಸಿದ್ಧವಾಗಿದೆ. ಬಿಟ್ಟ ಪ್ರಶ್ನೆಯ ಸ್ಥಾನವನ್ನು ಉಳಿದ ಉತ್ತರಗಳ ಸರಾಸರಿಯೇ ತುಂಬುವುದರಿಂದ ಲೆಕ್ಕ ಕೆಡುವುದಿಲ್ಲ. ರೋಗಿಯ ಮೌನಕ್ಕೆ ಮಾತ್ರ ಆ ಲೆಕ್ಕದಲ್ಲಿ ಎಡೆಯಿಲ್ಲ.

೬

ಈ ತೊಡಕುಗಳನ್ನು ವೈದ್ಯಶಾಸ್ತ್ರಜ್ಞರು ಅರಿಯದವರಲ್ಲ. ೨೦೦೦ದಲ್ಲಿ ಬೀಟನ್, ಬೊಂಬಾರ್ಡಿಯೇ, ಗೀಯ್ಮಾಂ, ಫೆರಾಜ್ ಎಂಬವರು ‘ಸ್ಪೈನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸೂತ್ರಗಳು ಇಂದಿಗೂ ಪ್ರಮಾಣವಾಗಿವೆ. ಅದರಂತೆ ಇಬ್ಬರು ಬೇರೆಬೇರೆಯಾಗಿ ಭಾಷಾಂತರಿಸಬೇಕು. ಒಬ್ಬನು ವಿಷಯಜ್ಞ, ಇನ್ನೊಬ್ಬನು ವಿಷಯವನ್ನರಿಯದವನು. ಎರಡನ್ನೂ ಕೂಡಿಸಿ ಒಂದು ಪಾಠ ಸಿದ್ಧಪಡಿಸಬೇಕು. ಮೂಲವನ್ನು ಕಾಣದ ಇಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಬೇಕು. ತಜ್ಞರ ಸಮಿತಿ ಎಲ್ಲವನ್ನೂ ತುಲನೆ ಮಾಡಿ ಅರ್ಥ, ನುಡಿಗಟ್ಟು, ಅನುಭವ, ಪರಿಕಲ್ಪನೆ ಈ ನಾಲ್ಕು ಬಗೆಯ ಸಾಮ್ಯವನ್ನು ಸಾಧಿಸಬೇಕು. ಹನ್ನೆರಡು ವರ್ಷದ ಬಾಲಕನಿಗೆ ಅರ್ಥವಾಗುವಂತಿರಬೇಕು. ಕೊನೆಗೆ ಮೂವತ್ತು ನಾಲ್ವತ್ತು ಜನರ ಮೇಲೆ ಪ್ರಯೋಗಿಸಿ ನೋಡಬೇಕು. ಕಾವ್ಯಾನುವಾದಕರು ಇದರ ಅರ್ಧ ಶ್ರದ್ಧೆಯನ್ನಾದರೂ ತೋರಿದರೆ ನಮ್ಮ ಅನುವಾದ ಸಾಹಿತ್ಯದ ಪಾಡು ಉತ್ತಮವಾಗುತ್ತಿತ್ತೆಂದು ಒಪ್ಪಬೇಕು.

ಆದರೂ ಈ ಕ್ರಮದಲ್ಲಿ ಒಂದು ಮೂಲಭೂತ ನ್ಯೂನತೆಯಿದೆ. ಮರುಭಾಷಾಂತರವು ಪರೀಕ್ಷಿಸುವುದು ವಾಕ್ಯ ಮೂಲಕ್ಕೆ ಹಿಂದಿರುಗಿತೇ ಎಂಬುದನ್ನು. ರೋಗಿಯನ್ನು ತಲುಪಿತೇ ಎಂಬುದನ್ನಲ್ಲ. ‘ಗಾಲ್ಫ್’ ಎಂಬುದನ್ನು ಗಾಲ್ಫ್ ಎಂದೇ ಬರೆದವನ ಪಾಠ ಮರುಭಾಷಾಂತರದಲ್ಲಿ ನಿಷ್ಕಳಂಕವಾಗಿ ಹಿಂದಿರುಗುತ್ತದೆ. ಕರವಸ್ತ್ರ ಬೀಸುವ ನೃತ್ಯವೆಂದು ಬರೆದ ವಿವೇಕಿಯ ಪಾಠ ದೋಷಯುಕ್ತವಾಗಿ ಕಾಣಿಸುತ್ತದೆ. ಅಕ್ಷರಾನುವಾದಕ್ಕೆ ಬಹುಮಾನ, ಭಾವಾನುವಾದಕ್ಕೆ ದಂಡ ಎಂಬಂತಾಗುತ್ತದೆ. ತಜ್ಞರ ಸಮಿತಿ ಇದನ್ನು ಸರಿಪಡಿಸಬೇಕಾದುದು ನಿಜ. ಆದರೆ ಸಮಿತಿಯಲ್ಲಿ ಕೂರುವವರು ವಿದ್ಯಾವಂತರು, ಶಿಷ್ಟಭಾಷೆಯಲ್ಲಿ ನುರಿತವರು. ‘ಮೆ ಶ್ಕ್ರುಎ’ ಎನ್ನುವ ಗಾರೆಯವನು ಅಲ್ಲಿರುವುದಿಲ್ಲ.

ಆಮೇಲೆ ಬರುವ ಸಂಖ್ಯಾಪರೀಕ್ಷೆಗಳೂ ಈ ಕೊರತೆಯನ್ನು ತುಂಬಲಾರವು. ೧೯೫೧ರಲ್ಲಿ ಕ್ರಾನ್‌ಬಾಕ್ ನಿರೂಪಿಸಿದ ಆಲ್ಫಾ ಎಂಬ ಮಾನ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದಿಕೊಂಡಿವೆ ಎಂಬುದನ್ನು ಹೇಳುತ್ತದೆ. ಡ್ಯಾಶ್‌ನ ವಿವಿಧ ಪಾಠಗಳಲ್ಲಿ ಅದು ೦.೯೫ನ್ನು ಮೀರುವುದು ಸಾಮಾನ್ಯ. ಅಷ್ಟು ಹೊಂದಾಣಿಕೆ ಪ್ರಶ್ನೆಗಳ ಪುನರುಕ್ತಿಯ ಲಕ್ಷಣವೂ ಆಗಿರಬಹುದು. ಪ್ರಶ್ನಾವಳಿಯನ್ನು ಎರಡು ಬಾರಿ ಕೊಟ್ಟು ಉತ್ತರಗಳು ಒಂದೇ ಆಗಿವೆಯೇ ಎಂದು ನೋಡುವ ಕ್ರಮವೂ ಇದೆ. ಆದರೆ ಒಂದು ಪದವನ್ನು ಇಂದು ತಪ್ಪಾಗಿ ತಿಳಿದವನು ವಾರದ ಮೇಲೆಯೂ ಹಾಗೆಯೇ ತಪ್ಪಾಗಿ ತಿಳಿಯುವನು. ಸ್ಥಿರತೆಯೇ ಸತ್ಯವಲ್ಲ.

ಒಂದೆರಡು ಪದಗಳ ದೋಷದಿಂದ ಏನು ಮಹಾ ಹಾನಿ ಎಂದು ಕೇಳುವವರು ಲೆಕ್ಕವನ್ನು ನೋಡಬೇಕು. ಮೂವತ್ತು ಪ್ರಶ್ನೆಗಳ ಪಾಠದಲ್ಲಿ ಒಂದು ಪ್ರಶ್ನೆಯ ಉತ್ತರ ಒಂದು ಮೆಟ್ಟಿಲು ಸರಿದರೆ ಅಂಕದಲ್ಲಿ ೦.೮೩ ವ್ಯತ್ಯಾಸ, ಒಂದರಿಂದ ಐದಕ್ಕೆ ಪೂರ್ತಿ ಸರಿದರೆ ೩.೩. ಹನ್ನೊಂದು ಪ್ರಶ್ನೆಗಳ ಸಂಕ್ಷಿಪ್ತ ಪಾಠದಲ್ಲಾದರೋ ಒಂದು ಮೆಟ್ಟಿಲಿಗೆ ೨.೨೭, ಪೂರ್ತಿ ಸರಿದರೆ ೯.೧. ರೋಗಿಗೆ ನಿಜವಾಗಿ ಗುಣವಾಗಿದೆ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ ದೊಡ್ಡ ಪಾಠಕ್ಕೆ ಸುಮಾರು ೧೦ ಎಂದು ಹೇಳುವುದುಂಟು. ಸಂಕ್ಷಿಪ್ತ ಪಾಠಕ್ಕೆ ಒಬ್ಬರು ೮ ಎಂದರೆ ಇನ್ನೊಬ್ಬರು ೧೬ರ ಸಮೀಪ ಎನ್ನುತ್ತಾರೆ. ಹಾಗಿರಲು ಸಂಕ್ಷಿಪ್ತ ಪಾಠದ ಒಂದೇ ಪ್ರಶ್ನೆಯನ್ನು ಪೂರ್ತಿ ತಪ್ಪಾಗಿ ತಿಳಿದರೂ ಗುಣಹೊಂದಿದವನು ಹೊಂದದವನಾಗಿ, ಹೊಂದದವನು ಹೊಂದಿದವನಾಗಿ ಕಾಣಿಸಬಹುದು. ಗಾಲ್ಫಿನ ಪ್ರಶ್ನೆ, ಮನೆಯ ಭಾರಿ ಕೆಲಸದ ಪ್ರಶ್ನೆ, ಜೋಮಿನ ಪ್ರಶ್ನೆ, ಈ ಮೂರೂ ಆ ಹನ್ನೊಂದರಲ್ಲಿ ಸೇರಿವೆ ಎಂಬುದನ್ನು ಗಮನಿಸಬೇಕು.

೭

ಹಾಗೆಂದು ಉದಾಹರಣೆಗಳನ್ನೆಲ್ಲ ಮನಬಂದಂತೆ ಬದಲಿಸಿಬಿಡಬೇಕೆಂದಲ್ಲ. ಅದರಲ್ಲಿಯೂ ದೋಷವಿದೆ. ಸೌದೆ ಸೀಳುವುದು ಗಾಲ್ಫಿಗಿಂತ ಕಷ್ಟವಾದರೆ ಅಲ್ಬೇನಿಯನ್ ರೋಗಿಯ ಅಂಕ ವಿನಾಕಾರಣ ಏರುವುದು. ಬೇರೆ ದೇಶದ ರೋಗಿಗಳೊಡನೆ ಹೋಲಿಸುವ ಉದ್ದೇಶವೇ ಮುರಿದುಬೀಳುವುದು. ರೋಗಿಗೆ ಹತ್ತಿರವಾಗಬೇಕೆಂಬುದೂ ಪರರೊಡನೆ ಹೋಲಿಕೆಯಾಗಬೇಕೆಂಬುದೂ ಒಂದಕ್ಕೊಂದು ಎದುರಾದ ಎರಡು ಬೇಡಿಕೆಗಳು. ಡೆನ್ಮಾರ್ಕಿನ ಗೇಯೋರ್ಗ್ ರಾಶ್ ೧೯೬೦ರಲ್ಲಿ ಮಂಡಿಸಿದ ಗಣಿತವಿಧಾನವನ್ನು ಬಳಸಿ, ಸಮಾನ ಸಾಮರ್ಥ್ಯದ ಇಬ್ಬರು ಭಾಷಿಕರಿಗೆ ಒಂದೇ ಪ್ರಶ್ನೆ ಸಮಾನವಾಗಿ ಕಷ್ಟವೆನಿಸುತ್ತದೆಯೇ ಎಂದು ಪರೀಕ್ಷಿಸಬಹುದು. ಬದಲಿಸಿದ ಪ್ರತಿಯೊಂದು ಉದಾಹರಣೆಯನ್ನೂ ಈ ಒರೆಗೆ ಹಚ್ಚುವುದು ಅವಶ್ಯ.

ಇದಕ್ಕಿಂತಲೂ ಅವಶ್ಯವಾದುದು ಅನುಕ್ರಮದ ಬದಲಾವಣೆ. ಈಗ ಎಲ್ಲದರ ಕೊನೆಗೆ ಬರುವ ಮೂವತ್ತು ನಾಲ್ವತ್ತು ರೋಗಿಗಳು ಮೊದಲೇ ಬರಬೇಕು. ಲೇಖನಿ ಹಿಡಿಯುವ ಮುನ್ನ ಭಾಷಾಂತರಕಾರನು ಅವರ ಬೇನೆಯ ಮಾತುಗಳನ್ನು ಕೇಳಿ ಬರೆದುಕೊಳ್ಳಬೇಕು. ಅವರಲ್ಲಿ ಗೆಗ್‌ನವರೂ ತೋಸ್ಕ್‌ನವರೂ, ತಾಯ್ನಾಡಿನವರೂ ಹೊರನಾಡಿನವರೂ, ಗಂಡಸರೂ ಹೆಂಗಸರೂ ಇರಬೇಕು. ಸಿದ್ಧವಾದ ಪಾಠವನ್ನು ಅವರು ಗಟ್ಟಿಯಾಗಿ ಓದಿ, ಪ್ರತಿ ಪ್ರಶ್ನೆಯಿಂದ ತಮಗೇನು ತಿಳಿಯಿತೆಂಬುದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ‘ದೊಬಿಶ್ಮ್’ ಪದದಲ್ಲಿ ಎಡವುವವನು ಆಗ ನಮ್ಮೆದುರಿಗೇ ಎಡವುವನು. ಶಿಷ್ಟಭಾಷೆಯ ಪಾಠದ ಕೆಳಗೆ ಗೆಗ್ ಪದವನ್ನು ಕಂಸದಲ್ಲಿ ಕೊಡುವುದಕ್ಕೂ ಅಡ್ಡಿಯಿರಬಾರದು. ಭಾಷೆಯ ಏಕತೆ ರಾಷ್ಟ್ರಕ್ಕೆ ಬೇಕಾದುದಿರಬಹುದು. ಆಸ್ಪತ್ರೆಯ ಕಾಗದ ಅದನ್ನು ಕಾಯುವ ಕೋಟೆಯಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಡ್ಯಾಶ್ ಮೂಲದಲ್ಲಿ ಉದಾರವಾದ ಕೃತಿ. ವೈದ್ಯನ ಕೋನಮಾಪಕದ ಪಕ್ಕದಲ್ಲಿ ರೋಗಿಯ ಮಾತಿಗೂ ಪೀಠವಿತ್ತ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ರೋಗಿಯ ಮಾತನ್ನು ಕೇಳುವೆನೆಂದು ಹೊರಟ ಮೇಲೆ ಅವನ ಮಾತಿನಲ್ಲಿಯೇ ಕೇಳಬೇಕಾಗುತ್ತದೆ. ಹಾಗೆ ಕೇಳದಿದ್ದರೆ, ಭುಜ ಸವೆದ ಕೂಲಿಗಾರನು ಕಾಗದದ ಮೇಲೆ ಆರೋಗ್ಯವಂತನಾಗಿ ಕಾಣಿಸಿಕೊಂಡು ಮತ್ತೆ ಗಾರೆ ಹೊರಲು ಹೋಗಬೇಕಾದೀತು. ಆ ತಪ್ಪಿಗೆ ವೈದ್ಯನಷ್ಟೇ ಭಾಷಾಂತರಕಾರನೂ ಹೊಣೆಗಾರನಾಗುವನು. ನಮ್ಮ ಭಾಷಾವಿದ್ವಾಂಸರು ಇಂಥ ಕಾರ್ಯದಲ್ಲಿ ವೈದ್ಯರ ಜತೆಗೆ ಕೂರುವುದು ತಮ್ಮ ಘನತೆಗೆ ಕುಂದೆಂದು ಬಗೆಯದಿರಲಿ.